ಸ್ವಂತ ಗೋ-ಕಾರ್ಟ್ ಇಟ್ಟುಕೊಳ್ಳಲು ನಿಜಕ್ಕೂ ಎಷ್ಟು ಖರ್ಚು? ಓಡಿಸಿದವರು ಹೇಳಿ

ಹೊಸಹುಚ್ಚು: ಎಲ್ಲರಿಗೂ ನಮಸ್ಕಾರ. ಬೆಂಗಳೂರು, ವಯಸ್ಸು 33, ತೂಕ 92 ಕೆಜಿ. ಎರಡು ವರ್ಷದಿಂದ ಆಫೀಸಿನವರ ಜೊತೆ ರೆಂಟಲ್ ಕಾರ್ಟ್ ಓಡಿಸುತ್ತಿದ್ದೇನೆ. ಈಗ ಸೆಕೆಂಡ್ ಹ್ಯಾಂಡ್ ರೋಟ್ಯಾಕ್ಸ್ ಸೀನಿಯರ್ ಮ್ಯಾಕ್ಸ್ ರೇಸಿಂಗ್ ಕಾರ್ಟ್ ತಗೊಳ್ಳುವ ಆಸೆ. 3 ಲಕ್ಷ ಎತ್ತಿಟ್ಟಿದ್ದೇನೆ. ರೇಸಿಗೆ ಹೋಗಲ್ಲ, ತಿಂಗಳಿಗೊಂದು ಭಾನುವಾರ ಓಡಿಸಿದರೆ ಸಾಕು. ನನ್ನ ತೂಕಕ್ಕೆ ಸರಿಹೋಗುತ್ತಾ? ಯಾವ ಸೈಜಿನ ಸೀಟು ನೋಡಬೇಕು?

ಹಳೇಚಾಸಿ: ಮೂರು ಲಕ್ಷಕ್ಕೆ ಕಾರ್ಟ್ ಮನೆಗೆ ಬರುತ್ತೆ. ಅಲ್ಲಿಂದಾಚೆ ಶುರು ಖರ್ಚು. ನಾನು 2021ರಲ್ಲಿ 2.6 ಲಕ್ಷ ಕೊಟ್ಟೆ. ಇಟಲಿ ಚಾಸಿ, ಒಂದೇ ಸೀಸನ್ ಓಡಿದೆ ಅಂದಿದ್ದರು. ಹೊಸ ಪೇಂಟ್ ನೋಡಿ ಮರುಳಾದೆ. ಒಂದೇ ಸೀಸನ್ ಓಡಿದ್ದಕ್ಕೆ ಪೇಂಟ್ ಯಾಕೆ ಹೊಡೆದಿರಿ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಮೂರನೇ ಭಾನುವಾರ ಸೀಟಿನ ಬಲಗಡೆ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಉಜ್ಜಿದರೆ ಒಳಗೆ ಹಳೇ ವೆಲ್ಡಿಂಗು! ಸಸ್ಪೆನ್ಷನ್ ಇಲ್ಲದ ಗಾಡಿ, ಫ್ರೇಮೇ ಬಳುಕಬೇಕು. ವೆಲ್ಡ್ ಮಾಡಿದ ಜಾಗ ಬಳುಕಲ್ಲ, ಅದರ ಪಕ್ಕದಲ್ಲೇ ಮತ್ತೆ ಬಿಡುತ್ತೆ. ನನಗೆ ಎರಡು ಸಲ ಬಿಟ್ಟಿತು.

ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಕೇಳಿ. ವೆಲ್ಡಿಂಗ್ 2,500, ಮತ್ತೆ ವೆಲ್ಡಿಂಗ್ 2,500. ಬಗ್ಗಿದ ಹಿಂದಿನ ಆಕ್ಸಲ್ 14,000. ಟೈರ್ ಒಂದು ಸೆಟ್ 19,000, ಅಂಥವು ನಾಲ್ಕು. ಎಂಜಿನ್ 20 ಗಂಟೆ ಓಡಿದೆ ಅಂದಿದ್ದರು. ಬಿಚ್ಚಿದಾಗ ಪಿಸ್ಟನ್ ನೋಡಿ ಮೆಕ್ಯಾನಿಕ್ ನಕ್ಕುಬಿಟ್ಟ. ರೀಬಿಲ್ಡ್ 68,000. ಚೈನು, ಸ್ಪ್ರಾಕೆಟ್, ಪ್ಲಗ್, ಆಯಿಲ್, ಟ್ರ್ಯಾಕ್ ಫೀ, ಕಾರ್ಟ್ ಸಾಗಿಸೋ ಗಾಡಿ ಬಾಡಿಗೆ ಸೇರಿ ಎರಡು ವರ್ಷಕ್ಕೆ ಮೇಲಿನ ಖರ್ಚೇ 2.3 ಲಕ್ಷ. ಕೊನೆಗೆ 1.4 ಲಕ್ಷಕ್ಕೆ ಮಾರಿದೆ. ಓಡಿಸಿದ್ದು 31 ಭಾನುವಾರ. ಅಂದ್ರೆ ಭಾನುವಾರಕ್ಕೆ 11 ಸಾವಿರ ಚಿಲ್ಲರೆ. ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ರೆಂಟಲ್‌ರಾಜ: ಇದಕ್ಕೇ ನಾನು ಸ್ವಂತದ್ದು ತಗೊಂಡಿಲ್ಲ. ಹತ್ತು ನಿಮಿಷದ ಸೆಷನ್‌ಗೆ ನಾನು 700 ಕೊಡುತ್ತೇನೆ. ಬೆಳಗ್ಗೆ ಆರು ಸೆಷನ್, 4,200. ಮುಗೀತು, ಮಸಾಲೆ ದೋಸೆ ತಿಂದು ಮನೆಗೆ. ಚೈನ್ ಕಿತ್ತರೂ ಅವರದ್ದೇ, ಗೋಡೆಗೆ ಗುದ್ದಿದರೂ ಅವರದ್ದೇ. ನನ್ನದು ಅಂತ ಇರೋದು ಹೆಲ್ಮೆಟ್, ಗ್ಲೌಸ್, ಪಕ್ಕೆಗೆ ಕಟ್ಟೋ ರಿಬ್ ಗಾರ್ಡ್ ಮಾತ್ರ. ಎರಡು ಲೀಗ್ ಟ್ರೋಫಿ ಗೆದ್ದಿದ್ದೇನೆ. ಎಲ್ಲರಿಗೂ ಒಂದೇ ಥರದ ಗಾಡಿ, ಹಾಗಾಗಿ ನಿಜವಾದ ಕೈಚಳಕ ಗೊತ್ತಾಗೋದು ರೆಂಟಲ್‌ನಲ್ಲೇ.

ಮೈಕ್ರೋಅಪ್ಪ: ಒಂದೇ ಥರದ ಗಾಡಿನಾ? ಒಂದರ ಬ್ರೇಕ್ ಹಿಡಿಯಲ್ಲ, ಇನ್ನೊಂದರ ಟೈರ್ ಕಲ್ಲು. ಬೇಗ ಬಂದು ಮಾರ್ಷಲ್‌ಗೆ ಕಾಫಿ ಕೊಡಿಸಿದವನಿಗೆ ಒಳ್ಳೆ ಕಾರ್ಟ್. ಸುಮ್ನೆ ಇರಿ ಸಾರ್. ನಿಮ್ಮ ರೆಂಟಲ್ ಕಾರ್ಟ್ 270 ಸಿಸಿ ಫೋರ್ ಸ್ಟ್ರೋಕ್, 9 ಎಚ್‌ಪಿ. ಸೀನಿಯರ್ ಮ್ಯಾಕ್ಸ್ 125 ಸಿಸಿ ಟೂ ಸ್ಟ್ರೋಕ್, ಸುಮಾರು 30 ಎಚ್‌ಪಿ. ಹೋಲಿಕೆ ಎಲ್ಲಿಂದ ಬಂತು?

ನನ್ನ ಮಗ ಮಕ್ಕಳ ಕ್ಲಾಸಾದ ಮೈಕ್ರೋ ಮ್ಯಾಕ್ಸ್‌ನಲ್ಲಿ ಎರಡು ಸೀಸನ್ ಓಡಿಸಿದ. ಲೈಸೆನ್ಸ್, ಎಂಟ್ರಿ ಫೀ, ಟೀಮಿನ ಮೆಕ್ಯಾನಿಕ್, ಕೋಚ್, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋದರೆ ಮೂರು ರಾತ್ರಿ ಲಾಡ್ಜು. ಎಂಜಿನ್‌ಗೆ ಸೀಲ್ ಇರುತ್ತೆ, ನಾವು ಬಿಚ್ಚೋ ಹಾಗಿಲ್ಲ. ಅಧಿಕೃತ ಸೆಂಟರ್‌ನವರು ಹೇಳಿದ್ದೇ ರೇಟು. ಒಂದು ವಾರಾಂತ್ಯ ಮಳೆ ಬರುತ್ತೆ ಅಂತ ವೆಟ್ ಟೈರ್ ತಗೊಂಡೆ. ಒಂದು ಹನಿ ಬೀಳಲಿಲ್ಲ. ಆ ಸೆಟ್ ಇನ್ನೂ ಅಟ್ಟದ ಮೇಲಿದೆ. ಅವನ ರೇಸಿಗೆ ಅಂತ ನೆಲಮಂಗಲದ ಸೈಟ್ ಮಾರಿದೆ. ಈಗ ಅಲ್ಲಿ ರೇಟ್ ಕೇಳಲ್ಲ ನಾನು. ಆದರೆ ಎರಡನೇ ವರ್ಷ ಅವನು ಪೋಡಿಯಂ ಹತ್ತಿದ ದಿನ ನೋಡಿದವರಿಗೆ ಗೊತ್ತು.

ರೆಂಟಲ್‌ರಾಜ: ಸೈಟ್ ಮಾರಿ ಕಾರ್ಟ್ ಓಡಿಸಿದವರು ನನಗೆ ಲೆಕ್ಕ ಹೇಳಿಕೊಡ್ತೀರಾ? ಮಗ ಈಗಲೂ ಓಡಿಸ್ತಾನಾ?

ಮೈಕ್ರೋಅಪ್ಪ: ಅವನು ಈಗ ಬ್ಯಾಡ್ಮಿಂಟನ್ ಆಡ್ತಾನೆ. ಅದು ನಿಮಗೆ ಸಂಬಂಧ ಇಲ್ಲ.

ಮೈಸೂರ್‌ಹುಡುಗಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಮೈ ಮೇಲಿನ ಖರ್ಚು ಯಾರೂ ಹೇಳಲಿಲ್ಲ. ನಾನು 54 ಕೆಜಿ. ರೇಸಿಗೆ ಕಾರ್ಟ್, ಓಡಿಸುವವರು ಸೇರಿ ಇರಬೇಕಾದ ಕನಿಷ್ಠ ತೂಕ ಮುಟ್ಟಿಸಲು ಸೀಟಿಗೆ ಸೀಸದ ಗಟ್ಟಿ ಬೋಲ್ಟ್ ಮಾಡಬೇಕಾಯಿತು. ಆ ಭಾರಕ್ಕೆ ಫೈಬರ್ ಸೀಟು ಸೀಳಿತು. ಹೊಸ ಸೀಟು ಒಂದು ಸೈಜ್ ದೊಡ್ಡದು ಬಂತು, ಅರ್ಜೆಂಟಲ್ಲಿ ಅದನ್ನೇ ಹಾಕಿದೆ. ಪ್ರತಿ ಎಡ ತಿರುವಿನಲ್ಲೂ ಪಕ್ಕೆ ಹೋಗಿ ಸೀಟಿನ ಅಂಚಿಗೆ ಬಡಿಯೋದು. ರಿಬ್ ಗಾರ್ಡ್ ಇತ್ತು, ಆದರೂ ಒಂದು ಪಕ್ಕೆಲುಬಿಗೆ ಬಿರುಕು. ಅದಕ್ಕೆ ಪ್ಲಾಸ್ಟರ್ ಹಾಕಲ್ಲ, ಗೊತ್ತಾ? ಆರು ವಾರ ಸುಮ್ನೆ ಇರಬೇಕು. ಸೀನಿದರೆ ಕಣ್ಣಲ್ಲಿ ನೀರು. ಆ ಆರು ವಾರದಲ್ಲಿ ಎರಡು ರೇಸ್ ಹೋಯಿತು. ಎಂಟ್ರಿ ಫೀ ವಾಪಸ್ ಕೊಡಲಿಲ್ಲ.

ಹೊಸಹುಚ್ಚು: ಎಲ್ಲರಿಗೂ ಥ್ಯಾಂಕ್ಸ್. ನಾನು 92 ಕೆಜಿ, ನನಗೆ ಸೀಸ ಬೇಕಾಗಲ್ಲ ಅಲ್ವಾ? ಸೀಟ್ ಸೈಜ್ ಯಾರಾದರೂ...

ಸಿಮ್‌ಸೂರಿ: ನಾನು ಮನೆಯಲ್ಲೇ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಓಡಿಸೋದು. 1.3 ಲಕ್ಷಕ್ಕೆ ಸ್ಟೀರಿಂಗು, ಪೆಡಲು, ಸೀಟ್ ಸ್ಟ್ಯಾಂಡು, ಎಲ್ಲಾ ಬಂತು ನನಗೆ. ದಿನಾ ರಾತ್ರಿ ಓಡಿಸ್ತೀನಿ. ಟೈರ್ ಸವೆಯಲ್ಲ, ಪಕ್ಕೆ ಮುರಿಯಲ್ಲ. ನೀವೆಲ್ಲ ಯಾಕಿಷ್ಟು ಕಷ್ಟಪಡ್ತೀರೋ.

ಹಳೇಚಾಸಿ: ಬೆಡ್‌ರೂಮಲ್ಲಿ ಕೂತು ಓಡಿಸೋದು ರೇಸಿಂಗ್ ಆದ್ರೆ, ಅಡುಗೆ ವಿಡಿಯೋ ನೋಡಿದ್ರೆ ಊಟ ಆಯ್ತು ಗುರು.

ಸಿಮ್‌ಸೂರಿ: ವೆಲ್ಡಿಂಗ್ ಮುಚ್ಚಿದ ಗಾಡಿ ಕೊಂಡವರು ಬುದ್ಧಿ ಹೇಳ್ತಿದ್ದಾರೆ.

ಹಳೇಚಾಸಿ: ಮುಂದಿನ ಭಾನುವಾರ ಟ್ರ್ಯಾಕಿಗೆ ಬನ್ನಿ. ನಾಲ್ಕು ಲ್ಯಾಪ್ ಆದಮೇಲೆ ಕೈ ಎತ್ತಿ ಹೆಲ್ಮೆಟ್ ಬಿಚ್ಚಿ ತೋರಿಸಿ, ಸಾಕು.

ಪಿಕಪ್‌ಪಾಂಡು: ಮೇಲೆ ಗಾಡಿ ಬಾಡಿಗೆ ಅಂದ್ರಲ್ಲ ಹಳೇಚಾಸಿ ಅವರೇ, ಎಷ್ಟು ಕೊಡ್ತಿದ್ರಿ? ಬೊಲೆರೊ ಪಿಕಪ್‌ಗೆ ಒಂದು ದಿನಕ್ಕೆ ನಾನು 3,000 ಕೊಡ್ತೀನಿ.

ಮೈಕ್ರೋಅಪ್ಪ: ಪಿಕಪ್ ಯಾಕೆ? ಇನ್ನೋವಾದ ಹಿಂದಿನ ಸೀಟ್ ಬಿಚ್ಚಿ, ಕಾರ್ಟ್‌ನ ಬಂಪರ್ ಕಳಚಿ ಓರೆಯಾಗಿ ತೂರಿಸಿದರೆ ಹಿಡಿಯುತ್ತೆ. ಎರಡು ಸೀಸನ್ ಹಾಗೇ ಮಾಡಿದ್ದೇನೆ.

ಪಿಕಪ್‌ಪಾಂಡು: ಅದು ಮಕ್ಕಳ ಕಾರ್ಟ್ ಸಾರ್, ಚಿಕ್ಕದು. ಸೀನಿಯರ್ ಚಾಸಿ ಹಿಡಿಯಲ್ಲ. ಪ್ರಯತ್ನಪಟ್ಟು ಡೋರ್ ಪ್ಯಾನೆಲ್ ಹರಿದುಕೊಂಡಿದ್ದೇನೆ. ಅದೂ ಅಲ್ಲದೆ ಮನೆ ಮುಟ್ಟೋಷ್ಟರಲ್ಲಿ ಕಾರೆಲ್ಲ ಪೆಟ್ರೋಲ್ ವಾಸನೆ. ಅಮ್ಮನ್ನ ಮದುವೆಗೆ ಕರ್ಕೊಂಡು ಹೋಗಬೇಕಿತ್ತು, ಅವರು ಆಟೋದಲ್ಲಿ ಹೋದರು.

ಮೈಕ್ರೋಅಪ್ಪ: ಟ್ಯಾಂಕ್ ಖಾಲಿ ಮಾಡದೆ ಹಾಕಿದ್ದಿರಿ, ಅದಕ್ಕೆ.

ಪಿಕಪ್‌ಪಾಂಡು: ಟ್ಯಾಂಕ್ ಖಾಲಿ ಮಾಡಿದ್ದೆ.

ಮೈಕ್ರೋಅಪ್ಪ: ಕಾರ್ಬ್ಯುರೇಟರ್ ಬೌಲ್? ಅದರಲ್ಲೂ ಪೆಟ್ರೋಲ್ ನಿಂತಿರುತ್ತೆ.

ಪಿಕಪ್‌ಪಾಂಡು: ...ಅದನ್ನ ಯಾರು ಸಾರ್ ಬಿಚ್ತಾರೆ.