ಹೈಡ್ರಾಗಳ ಗ್ರಹಣಾಂಗದ ತುದಿ ಗುಂಡಾಗುತ್ತಿದೆ, ಆಹಾರ ಹಿಡಿಯುತ್ತಿಲ್ಲ

ಕೊಳದಂಚು:
ನಾಲ್ಕು ತಿಂಗಳಿಂದ ಗಾಜಿನ ಬಟ್ಟಲುಗಳಲ್ಲಿ ಕಂದು ಹೈಡ್ರಾ (ಸಿಹಿನೀರಿನ ಪುಟ್ಟ, ಕೊಳವೆಯಂಥ ಪ್ರಾಣಿ) ಸಾಕುತ್ತಿದ್ದೇನೆ. ಕೊಳದ ಎಲೆಗೆ ಅಂಟಿಕೊಂಡು ಬಂದ ಮೂರು ಹೈಡ್ರಾಗಳು ಕಳೆದ ತಿಂಗಳ ಹೊತ್ತಿಗೆ ಇನ್ನೂರು ದಾಟಿದ್ದವು. ಈಗ ಹತ್ತು ದಿನಗಳಿಂದ ಒಂದೂ ಹೊಸ ಮೊಗ್ಗು, ಅಂದರೆ ಮೈಮೇಲೆ ಮೂಡುವ ಮರಿ, ಬಿಟ್ಟಿಲ್ಲ. ಬಾಯಿಯ ಸುತ್ತ ದಾರದಂತೆ ಚಾಚಿಕೊಳ್ಳುತ್ತಿದ್ದ ಗ್ರಹಣಾಂಗಗಳು ಗಿಡ್ಡವಾಗಿ, ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂತೆ ಉಬ್ಬಿವೆ. ಆಹಾರವಾಗಿ ಹಾಕುವ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳು ಅವಕ್ಕೆ ತಾಗಿದರೂ ಸಿಕ್ಕಿಬೀಳದೆ ಈಜಿಕೊಂಡು ಹೋಗುತ್ತಿವೆ. ಮೊನ್ನೆ ಎರಡು ಹೈಡ್ರಾಗಳನ್ನು ನಡುವೆ ಕತ್ತರಿಸಿದೆ. ಮೊದಲೆಲ್ಲ ಮೂರು ದಿನಗಳಲ್ಲಿ ಹೊಸ ತಲೆ ಮೂಡುತ್ತಿತ್ತು, ಈ ಸಲ ನಾಲ್ಕೂ ತುಂಡುಗಳು ಕರಗಿಹೋದವು. ಕೋಣೆಯ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್, ಆಹಾರ ವಾರಕ್ಕೆ ಮೂರು ಸಲ. ಎಲ್ಲಿ ತಪ್ಪುತ್ತಿದ್ದೇನೆ?

ಮಸೂರ:
ಗುಂಡು ತುದಿ ಎಂದರೆ ನೀರಿನ ಬಗ್ಗೆ ಹೈಡ್ರಾ ಕೊಡುವ ಮೊದಲ ದೂರು. ಅದರ ನಂತರ ಗ್ರಹಣಾಂಗ ಮೋಟಾಗುತ್ತದೆ, ಆಮೇಲೆ ಇಡೀ ದೇಹ ಟ್ಯೂಲಿಪ್ ಹೂವಿನಂತೆ ಮುದುಡುತ್ತದೆ, ಕೊನೆಗೆ ಜೀವಕೋಶಗಳು ಚದುರಿಹೋಗುತ್ತವೆ. ನೀರಿನ ವಿಷಾಂಶವನ್ನು ಪರೀಕ್ಷಿಸುವ ವಿಜ್ಞಾನಿಗಳು ನೋಡುವುದೂ ಇದೇ ಹಂತಗಳನ್ನು. ಟ್ಯೂಲಿಪ್ ಹಂತ ತಲುಪಿದರೆ ಉಳಿಸುವುದು ಕಷ್ಟ. ನಿಮ್ಮವು ಇನ್ನೂ ಅಲ್ಲಿಗೆ ಹೋಗಿಲ್ಲ, ಆದ್ದರಿಂದ ಧೈರ್ಯವಾಗಿರಿ. ಆರ್ಟೀಮಿಯಾ ಮರಿಗಳನ್ನು ಸಿಹಿನೀರಿನಲ್ಲಿ ತೊಳೆದು ಹಾಕುತ್ತೀರಾ? ಮೊಟ್ಟೆಯೊಡೆಸಿದ ಉಪ್ಪುನೀರು ಬಟ್ಟಲಿಗೆ ಬಿದ್ದರೆ ಹೀಗಾಗಬಹುದು. ತಿಂದು ಉಳಿದದ್ದು ಕೊಳೆತರೂ ಅಷ್ಟೇ.

ಕೊಳದಂಚು:
ಸಣ್ಣ ಜಾಲರಿಯಲ್ಲಿ ಎರಡು ಸಲ ತೊಳೆದೇ ಹಾಕುತ್ತೇನೆ. ತಿಂದ ನಾಲ್ಕೈದು ಗಂಟೆಗಳ ನಂತರ, ಅವು ಕಸವನ್ನು ಬಾಯಿಂದ ಹೊರಹಾಕಿದ ಮೇಲೆ, ನೀರು ಬದಲಿಸುತ್ತೇನೆ.

ಪಾಚಿಕಲ್ಲು:
ಹಾಗಾದರೆ ಆ ನೀರು ಎಲ್ಲಿಯದು? ತಾಮ್ರದ ಕೊಳವೆಯಲ್ಲಿ ಬರುತ್ತದೆಯೇ? ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹೈಡ್ರಾ ತಾಳುವುದಿಲ್ಲ.

ಕೊಳದಂಚು:
ಅದೇ ಭಯದಿಂದ ಮೂರು ವಾರಗಳ ಹಿಂದೆ ನಲ್ಲಿ ನೀರನ್ನು ನಿಲ್ಲಿಸಿದೆ. ಈಗ ಬಟ್ಟಿ ಇಳಿಸಿದ ನೀರು ಮಾತ್ರ. ಅದಕ್ಕಿಂತ ಶುದ್ಧವಾದದ್ದು ಸಿಗಲಾರದು ಎಂದುಕೊಂಡಿದ್ದೆ.

ಪಾಚಿಕಲ್ಲು:
ಕಾರಣ ಅದೇ. ಆ ನೀರಿನಲ್ಲಿ ವಿಷವಿಲ್ಲ ನಿಜ, ಆದರೆ ಹೈಡ್ರಾಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಇಲ್ಲ.

ನೀವು ಬರೆದ ಲಕ್ಷಣಗಳನ್ನು ಮತ್ತೊಮ್ಮೆ ನೋಡಿ. ಮರಿಗಳು ತಾಗಿಯೂ ತಪ್ಪಿಸಿಕೊಳ್ಳುತ್ತಿವೆ ಎಂದರೆ ಕುಟುಕುಕಣಗಳು, ಅಂದರೆ ಗ್ರಹಣಾಂಗದಲ್ಲಿರುವ, ಮುಳ್ಳು ಚಿಮ್ಮಿ ಬೇಟೆಯನ್ನು ಚುಚ್ಚುವ ಸೂಕ್ಷ್ಮ ಚೀಲಗಳು, ಸಿಡಿಯುತ್ತಿಲ್ಲ. ಲೋಳೆಮೀನು, ಹವಳ, ಹೈಡ್ರಾ, ಇಡೀ ವಂಶ ಬದುಕುವುದೇ ಈ ಕಣಗಳಿಂದ. ಹೈಡ್ರಾದ ಕುಟುಕುಕಣದೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150 ಪಟ್ಟು. ಮುಳ್ಳು ಹೊರಚಿಮ್ಮಲು ತಗಲುವ ಕಾಲ ಕೇವಲ 700 ನ್ಯಾನೊಸೆಕೆಂಡ್. ಇಷ್ಟು ಬಿಗಿದಿಟ್ಟ ಬಿಲ್ಲಾದರೂ ಸುತ್ತಲಿನ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಸರಿಯಾಗಿ ಸಿಡಿಯದು. ಬೇಟೆ ಸಿಗದಿದ್ದರೆ ಹೊಟ್ಟೆ ತುಂಬದು, ಹೊಟ್ಟೆ ತುಂಬದೆ ಮೊಗ್ಗೂ ಇಲ್ಲ.

ಕತ್ತರಿಸಿದ ತುಂಡುಗಳು ಕರಗಿದ್ದೂ ಇದರಿಂದಲೇ. ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ಕ್ಯಾಲ್ಸಿಯಂ ಬೇಕು, ಗಾಯ ಮುಚ್ಚುವಾಗಲಂತೂ ಬೇಕೇ ಬೇಕು. 1740ರಲ್ಲಿ ನಿಸರ್ಗತಜ್ಞ ಅಬ್ರಹಾಂ ಟ್ರೆಂಬ್ಲಿ ಹೈಡ್ರಾವನ್ನು ಕತ್ತರಿಸಿ, ಎರಡು ತುಂಡುಗಳಿಂದ ಎರಡು ಜೀವಿಗಳು ಬೆಳೆದದ್ದನ್ನು ಕಂಡು ಬೆರಗಾದದ್ದು ಹಳ್ಳದಿಂದ ತಂದ ಪ್ರಾಣಿಗಳಲ್ಲಿ. ಹಳ್ಳದ ನೀರಿನಲ್ಲಿ ಲವಣಗಳು ಇದ್ದೇ ಇರುತ್ತವೆ.

ಪರಿಹಾರ ಸುಲಭ. ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಆದರೆ ಲೀಟರಿಗೆ 147 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಮತ್ತು 84 ಮಿಲಿಗ್ರಾಂ ಸೋಡಿಯಂ ಬೈಕಾರ್ಬನೇಟ್ ಕರಗಿಸಿ. ಎರಡೂ ಒಂದೊಂದು ಮಿಲಿಮೋಲ್ ಆಗುತ್ತವೆ. ಇಷ್ಟು ಸಣ್ಣ ತೂಕ ಅಳೆಯಲಾಗದಿದ್ದರೆ ನೂರು ಪಟ್ಟು ಗಟ್ಟಿಯಾದ ದ್ರಾವಣಗಳನ್ನು ಬೇರೆ ಬೇರೆ ಸೀಸೆಗಳಲ್ಲಿ ಮಾಡಿಟ್ಟು, ಪ್ರತಿ ಸಲ ಲೀಟರಿಗೆ ಹತ್ತು ಮಿಲಿಲೀಟರ್ ಸೇರಿಸಿ. ಗಟ್ಟಿಯಾಗಿರುವಾಗ ಎರಡನ್ನೂ ಒಂದೇ ಸೀಸೆಯಲ್ಲಿ ಬೆರೆಸಬೇಡಿ, ಸುಣ್ಣದಂತೆ ಬಿಳಿ ಗಸಿ ಕಟ್ಟುತ್ತದೆ. ಒಂದೇ ದಿನ ಎಲ್ಲವನ್ನೂ ಬದಲಿಸದೆ ಮೊದಲು ಅರ್ಧ, ಮರುದಿನ ಪೂರ್ತಿ ಬದಲಿಸಿ. ಚೇತರಿಸಿಕೊಳ್ಳುವವರೆಗೆ ಕತ್ತರಿ ಮುಟ್ಟಬೇಡಿ.

ಮಸೂರ:
ಒಪ್ಪಿದೆ. ನೀರನ್ನು ಎಂದಿನಿಂದ ಬದಲಿಸಿದಿರಿ ಎಂದು ನಾನು ಮೊದಲೇ ಕೇಳಬೇಕಿತ್ತು.

ಕೊಳದಂಚು:
ಇಂದಿಗೆ ಒಂಬತ್ತು ದಿನ. ಮೂರನೆಯ ದಿನವೇ ಗ್ರಹಣಾಂಗಗಳು ಉದ್ದವಾಗತೊಡಗಿದವು. ಐದನೆಯ ದಿನ ಹಾಕಿದ ಮರಿಗಳಲ್ಲಿ ಒಂದೂ ತಪ್ಪಿಸಿಕೊಳ್ಳಲಿಲ್ಲ. ತೀರಾ ಕುಗ್ಗಿದ್ದ ಹದಿನೈದು ಸತ್ತವು, ಉಳಿದವು ಗೆದ್ದವು. ಬೆಳಿಗ್ಗೆ ಎಣಿಸಿದಾಗ ಇಪ್ಪತ್ತಮೂರು ಹೈಡ್ರಾಗಳಲ್ಲಿ ಮೊಗ್ಗು ಕಂಡಿತು. ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಒಂದು ಬಟ್ಟಲಿನಲ್ಲಿ ಮಾತ್ರ ಹೈಡ್ರಾಗಳ ಮೈಮೇಲೆ ಚುರುಕಾಗಿ ಓಡಾಡುವ ಚಪ್ಪಟೆ ಸೂಕ್ಷ್ಮಜೀವಿಗಳಿವೆ. ಅವು ಅಪಾಯವೇ?

ಪಾಚಿಕಲ್ಲು:
ಬಹುಶಃ ಕೆರೋನಾ, ರೋಮಗಳಿಂದ ಓಡಾಡುವ ಏಕಕೋಶಜೀವಿ. ನಾಲ್ಕೈದು ಇದ್ದರೆ ಚಿಂತೆಯಿಲ್ಲ. ಮೈ ತುಂಬ ಮುತ್ತಿದ್ದರೆ ಹೈಡ್ರಾಗಳನ್ನು ಒಂದೊಂದಾಗಿ ಪಿಪೆಟ್ಟಿನಲ್ಲಿ ಎತ್ತಿ, ಹೊಸ ದ್ರಾವಣದ ನಾಲ್ಕೈದು ಬಟ್ಟಲುಗಳಲ್ಲಿ ಸಾಲಾಗಿ ಜಾಲಿಸಿ ಬೇರೆ ಇಡಿ. ಆ ಪಿಪೆಟ್ಟನ್ನು ಇತರ ಬಟ್ಟಲುಗಳಿಗೆ ಬಳಸಬೇಡಿ.