ಸಾಲದಲ್ಲಿದ್ದ ದೋಣಿ ಕಂಪನಿ ಕೈಬದಲಾದರೆ ಅರ್ಧ ಕಟ್ಟಿದ ದೋಣಿಯ ಗತಿ ಏನು?

ಪ್ರಶ್ನೆ: ಫೈಬರ್ ಗ್ಲಾಸ್ ದೋಣಿಗೆ ಶೇ. 60 ಹಣ ಕಟ್ಟಿಯಾಗಿದೆ. ಹಲ್ (ದೋಣಿಯ ಒಡಲು) ಮೌಲ್ಡ್‌ನಿಂದ, ಅಂದರೆ ಅಚ್ಚಿನಿಂದ, ಹೊರಬಂದ ಮೇಲೆ ಆರು ತಿಂಗಳಿಂದ ಕೆಲಸ ನಿಂತಿದೆ. ಈಗ ಕಂಪನಿಗೆ ಹೊಸ ಮಾಲೀಕರು. ನನ್ನ ಹಣ, ವಾರಂಟಿ ಉಳಿಯುತ್ತವೆಯೇ?

ಉತ್ತರ 1: ಮಾರಾಟ ಯಾವ ಬಗೆಯದು ಎಂದು ಮೊದಲು ಕೇಳಿ. ಷೇರು ಕೊಂಡಿದ್ದರೆ ಕಂಪನಿ ಅದೇ, ನಿಮ್ಮ ಒಪ್ಪಂದವೂ ಅದರ ಜೊತೆಗೇ ಇರುತ್ತದೆ. ಮೌಲ್ಡ್, ನಕ್ಷೆ, ಬ್ರ್ಯಾಂಡ್ ಹೆಸರು ಇಷ್ಟನ್ನೇ ಕೊಂಡಿದ್ದರೆ ಹಳೆಯ ಮುಂಗಡ, ವಾರಂಟಿ ಸಾಮಾನ್ಯವಾಗಿ ಹಳೆಯ ಕಂಪನಿಯ ತಲೆಗೇ. ಹೊಸಬರು ಬರಹದಲ್ಲಿ ಒಪ್ಪಬೇಕು, ಬಾಯಿಮಾತು ನಡೆಯದು. ಕಂತು ಕಟ್ಟಿದಂತೆ ಮಾಲೀಕತ್ವ ನಿಮಗೆ ಬರುವ ಷರತ್ತಿದೆಯೇ ನೋಡಿ. ಇದ್ದರೆ ಟ್ರಾನ್ಸಮ್‌ನ (ದೋಣಿಯ ಹಿಂಬದಿಯ ಚಪ್ಪಟೆ ಭಾಗ) ಬಲಬದಿಯಲ್ಲಿರುವ ಹಲ್ ನಂಬರನ್ನು (ದೋಣಿಯ ಗುರುತಿನ ಸಂಖ್ಯೆ) ಒಪ್ಪಂದಕ್ಕೆ ತಾಳೆ ಹಾಕಿ, ಫೋಟೊ ತೆಗೆದಿಡಿ. ಇಲ್ಲದಿದ್ದರೆ ಭದ್ರತೆಯಿಲ್ಲದೆ ಹಣ ಕೊಟ್ಟವರ ಸಾಲಿನಲ್ಲಿ ನೀವೂ ಒಬ್ಬರು. ಅಡಮಾನ ಇಟ್ಟುಕೊಂಡ ಬ್ಯಾಂಕಿನ ಪಾಲು ನಿಮಗಿಂತ ಮೊದಲು.

ಉತ್ತರ 2: ಕಾಗದಪತ್ರದಷ್ಟೇ ಹಲ್ ಕೂಡ ಮುಖ್ಯ. ಒಳಗೆ ಬಲ್ಕ್‌ಹೆಡ್ (ಅಡ್ಡಗೋಡೆ) ಕೂರಿಸದೆ ಬರಿಯ ಆಸರೆಗಳ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಹಲ್ ಅಗಲವಾಗುತ್ತದೆ, ಡೆಕ್ ಕೂರಿಸುವಾಗ ಜೋಡಣೆ ತಪ್ಪುತ್ತದೆ. ಅಗಲವನ್ನು ಮೂರು ಕಡೆ ಅಳೆದು ನಕ್ಷೆಗೆ ಹೋಲಿಸಿ. ಬಾಲ್ಸಾ ಕೋರ್ (ಫೈಬರ್ ಪದರಗಳ ನಡುವಿನ ಹಗುರ ಮರದ ತಿರುಳು) ಇದ್ದರೆ ಕೊರೆದ ತೂತುಗಳ ಅಂಚು ತೇವ ಕುಡಿದಿದೆಯೇ ಪರೀಕ್ಷಿಸಿ. ಫೈಬರ್ ಪದರಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ರಾಳ ಆರು ತಿಂಗಳಲ್ಲಿ ಪೂರ್ತಿ ಗಟ್ಟಿಯಾಗಿರುತ್ತದೆ. ಬಲ್ಕ್‌ಹೆಡ್ ಅಂಟಿಸುವ ಹೊಸ ಪದರ ಅದಕ್ಕೆ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಮೊದಲು ಮೇಲ್ಮೈಯ ಮೇಣ ಒರೆಸಿ, ಆಮೇಲೆ ಒರಟು ಮರಳುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಲೇಬೇಕು. ಆತುರದಲ್ಲಿ ಇದನ್ನು ಬಿಟ್ಟರೆ ಬಲ್ಕ್‌ಹೆಡ್ ಮುಂದೆ ಅಲೆಯ ಹೊಡೆತಕ್ಕೆ ಕಿತ್ತು ಬರುತ್ತದೆ.

ಉತ್ತರ 3: ಎಂಜಿನ್ ವಾರಂಟಿ ಅದನ್ನು ತಯಾರಿಸಿದವರದೇ. ಸೀರಿಯಲ್ ನಂಬರ್ ಕೊಟ್ಟು ನೇರವಾಗಿ ವಿಚಾರಿಸಿ. ಬಾಕಿ ಶೇ. 40ನ್ನು ದೋಣಿ ಪರೀಕ್ಷಿಸುವ ಸರ್ವೇಯರ್ ವರದಿ ಕೈಸೇರುವವರೆಗೆ ಕೊಡಬೇಡಿ.