ಮನೆ ಹಿಂದಿನ ಸಿಲ್ವರ್ ಓಕ್ ಅರ್ಧಕ್ಕೆ ಕಡಿಸಬೇಕಾ?

ಪ್ರಶ್ನೆ (ಕೊಡಗಿನ ಮಾದಾಪುರ ಕಡೆಯ ಸದಸ್ಯೆ):
ನಮಸ್ಕಾರ ಅಣ್ಣ. ನೀವು ಮರ ಕಪಾತು (ಕೊಂಬೆ ಸವರುವ) ಕೆಲಸದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀರಿ ಅಂತ ಗುಂಪಿನಲ್ಲಿ ಹೇಳಿದ್ರು, ಅದಕ್ಕೇ ಕೇಳ್ತಿದ್ದೇನೆ. ನಮ್ಮ ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಮೇಲೆ ಎರಡು ಸಿಲ್ವರ್ ಓಕ್ ಇವೆ, ಎರಡಕ್ಕೂ ಕರಿಮೆಣಸಿನ ಬಳ್ಳಿ. ಪಕ್ಕದಲ್ಲಿ ಒಂದು ಹಲಸು, ಅದರ ದೊಡ್ಡ ಕೊಂಬೆ ಹೆಂಚಿನ ಮೇಲೇ ಚಾಚಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಗಾಳಿ ಬೀಸಿದ ರಾತ್ರಿ ನಮಗೆ ನಿದ್ದೆ ಇಲ್ಲ. ಒಬ್ಬ ಕಂಟ್ರಾಕ್ಟರ್ ಬಂದು ನೋಡಿ, "ಎರಡನ್ನೂ ಅರ್ಧಕ್ಕೆ ಇಳಿಸಿಬಿಡುವ, ಆಮೇಲೆ ತಲೆನೋವೇ ಇಲ್ಲ" ಅಂದ. ಮಾವ "ಬಳ್ಳಿ ಹಾಳಾಗ್ತದೆ, ಮರ ಮುಟ್ಟಬೇಡಿ" ಅಂತಾರೆ. ಮಳೆ ಹಿಡಿಯಲಿಕ್ಕೆ ಇನ್ನೊಂದು ತಿಂಗಳಿದೆ. ಏನು ಮಾಡೋದು?

ಉತ್ತರ:
ಅಕ್ಕ, ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ಕಂಟ್ರಾಕ್ಟರ್ ಹೇಳಿದ್ದು ಪೂರ್ತಿ ತಪ್ಪು. ಹಾಗಂತ ಅವನನ್ನು ಬೈಯಲಾರೆ, ಮೊದಲ ಏಳೆಂಟು ವರ್ಷ ನಾನೂ ಕೇಳಿದವರಿಗೆಲ್ಲ ಹಾಗೇ ಕಡಿದುಕೊಟ್ಟಿದ್ದೇನೆ.

ತಲೆ ಕಡಿದರೆ ಸಿಲ್ವರ್ ಓಕ್ ಸುಮ್ಮನೆ ನಿಲ್ಲೋದಿಲ್ಲ. ಕಡಿದ ಜಾಗದ ಸುತ್ತ ಪೊರಕೆ ನಿಲ್ಲಿಸಿದ ಹಾಗೆ ಚಿಗುರು ಏಳುತ್ತದೆ. ಕೆಲವು ವರ್ಷದಲ್ಲಿ ಒಂದೊಂದೂ ತೋಳಿನ ಗಾತ್ರ. ಮೊದಲಿಂದ ಬಂದ ಕೊಂಬೆ ಕಾಂಡದ ಒಳಗಿನಿಂದ ಬೆಳೆದಿರುತ್ತದೆ, ಈ ಚಿಗುರಿಗೆ ಹೊರಗಿನ ಪದರದಲ್ಲಷ್ಟೇ ಹಿಡಿತ. ಮಧ್ಯದಲ್ಲಿ ಕೊಯ್ದ ಮುಖ ಬಟ್ಟಲಿನ ಹಾಗೆ ನೀರು ಹಿಡಿದು ಕೊಳೆಯುತ್ತದೆ. ಆಮೇಲೆ ಒಂದು ಜುಲೈ ರಾತ್ರಿ ಆ ತೋಳು ಕಿತ್ತು ಹೆಂಚಿನ ಮೇಲೆ ಬೀಳುತ್ತದೆ. ತಿರುಗಿ ಕಡಿಸಲಿಕ್ಕೆ ನನ್ನನ್ನೇ ಕರೀತಾರೆ. ಕೂಲಿ ನನಗೆ ಲಾಭವೇ, ಮನೆ ಮಾತ್ರ ನಿಮ್ಮದು.

ಇನ್ನೊಂದು ಅಭ್ಯಾಸ ಇದೆ, ಪಕ್ಕದ ಕೊಂಬೆ ಎಲ್ಲ ಸವರಿ ತುದಿಯಲ್ಲಿ ಚಾಮರದ ಹಾಗೆ ಒಂದು ಗೊಂಚಲು ಬಿಡೋದು. ತೋಟದೊಳಗೆ ಕಾಫಿಗೆ ಬಿಸಿಲು ಬೇಕು, ಅಲ್ಲಿ ಅದು ಬೇರೆ ಲೆಕ್ಕ. ಮನೆ ಪಕ್ಕ ಬೇಡ. ಭಾರವೆಲ್ಲ ತುದಿಗೆ ಹೋಗಿ ಮರ ಗಾಳಿಗೆ ಜಾಸ್ತಿ ಓಲಾಡುತ್ತದೆ.

ನೀವು ಮರದ ತುದಿ ನೋಡಿ ಹೆದರ್ತಿದ್ದೀರಿ. ನಾನು ಬಂದರೆ ಮೊದಲು ನೋಡೋದು ಬುಡ. ಬಳ್ಳಿ ಕಡಿಯೋದು ಬೇಡ, ಮೆಣಸು ಕೊಯ್ದು ಆಗಿರಬೇಕಲ್ಲ, ಕೆಳಗಿನ ಮೂರಡಿ ಮೆಲ್ಲಗೆ ಸರಿಸಿ ತೊಗಟೆ ಕಾಣೋ ಹಾಗೆ ಮಾಡಿ. ಗಟ್ಟಿ ಬೀಸಣಿಗೆಯಂಥ ಅಣಬೆ ಇದೆಯಾ? ಕತ್ತಿಯ ಹಿಂಬದಿಯಿಂದ ಸುತ್ತ ತಟ್ಟಿ: ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಪೊಳ್ಳಾದ ಕಡೆ ಡೊಳ್ಳಿನ ಹಾಗೆ ದನಿ. ಮರ ವಾಲಿದ ಕಡೆಯ ಎದುರು ಬದಿಯಲ್ಲಿ ಮಣ್ಣು ಬಿರಿದಿದೆಯಾ, ನೆಲ ಉಬ್ಬಿದೆಯಾ? ಮನೆ ಕಟ್ಟುವಾಗ ಬರೆ ಎಷ್ಟು ಕೊರೆದ್ರಿ, ಮರದಿಂದ ಎಷ್ಟು ದೂರ? ಇದಿಷ್ಟು ನೋಡಿ ಹೇಳಿ.

ಪ್ರಶ್ನೆ (ಅದೇ ಸದಸ್ಯೆ, ಮರುದಿನ):
ಮಾವನೇ ಕತ್ತಿ ಹಿಡಿದು ಬಂದು ತಟ್ಟಿದರು ಅಣ್ಣ. ಬಲಗಡೆಯ ಮರ ಚೆನ್ನಾಗಿದೆ, ಬರೆ ಅಂಚಿನಿಂದ ತುಂಬಾ ಹಿಂದೆ ಇದೆ. ಎಡಗಡೆಯದ್ದು ಅಡುಗೆಮನೆ ದೊಡ್ಡ ಮಾಡುವಾಗ ಬರೆ ಕೊರೆದ ಜಾಗದಿಂದ ನಾಲ್ಕೇ ಅಡಿ. ಬೇರು ಕಡಿದಿದ್ದು ನೆನಪಿದೆ ಅಂದರು. ಮೇಲುಬದಿಯ ಮಣ್ಣಿನಲ್ಲಿ ಬೆರಳು ಹೋಗುವಷ್ಟು ಬಿರುಕಿದೆ.

ಉತ್ತರ:
ಹಾಗಾದರೆ ಎಡಗಡೆಯದ್ದಕ್ಕೆ ಕಪಾತು ಸಾಕಾಗೋದಿಲ್ಲ, ಅದನ್ನು ಮಳೆಗೆ ಮೊದಲು ತೆಗೆಸಿ. ಮರದ ಬೇರು ಆಳಕ್ಕೆ ಹೋಗಿ ಹಿಡಿದಿರುತ್ತದೆ ಅಂತ ಜನ ತಿಳಿದಿದ್ದಾರೆ. ನಿಜವಾಗಿ ಹೆಚ್ಚಿನ ಬೇರು ಮೇಲಿನ ಎರಡಡಿ ಮಣ್ಣಿನಲ್ಲಿ ಅಗಲಕ್ಕೆ ಹರಡಿರುತ್ತವೆ. ನಾಲ್ಕಡಿಯಲ್ಲಿ ಬರೆ ಕೊರೆದಾಗಲೇ ಒಂದು ಬದಿಯ ಹಿಡಿತ ಹೋಯಿತು. ಬಿರುಕು ಹೊಸದಾದರೆ ಆ ಬದಿಯ ಕೋಣೆಯಲ್ಲಿ ಮಲಗಬೇಡಿ.

ಒಮ್ಮೆಗೇ ಬುಡಕ್ಕೆ ಗರಗಸದ ಮಿಷನ್ ಹಾಕಿಸಬೇಡಿ. ಮೇಲಿಂದ ತುಂಡು ತುಂಡಾಗಿ ಕೊಯ್ದು, ಹಗ್ಗದಲ್ಲಿ ಇಳಿಸಬೇಕು. ಬಳ್ಳಿ ಬೇಕಿದ್ದರೆ ಮೊದಲೇ ಬಿಡಿಸಿ ಸುರುಳಿ ಸುತ್ತಿ ಇಟ್ಟುಕೊಳ್ಳಿ. ಮತ್ತೆ, ಕಡಿದಾದ ಮೇಲೆ "ಬುಡ ಕೀಳಿಸುವ, ಜೆಸಿಬಿ ಬಂದಿದೆಯಲ್ಲ" ಅಂತ ಯಾರಾದರೂ ಅಂದರೆ ಕೇಳಬೇಡಿ. ಬರೆ ಅಂಚಿನಲ್ಲಿ ಉಳಿದ ಬೇರೇ ಈಗ ಮಣ್ಣು ಹಿಡಿದಿರೋದು. ಆ ಬೇರೂ ಕೆಲವು ವರ್ಷದಲ್ಲಿ ಕೊಳೆಯುತ್ತದೆ, ಅಷ್ಟರೊಳಗೆ ಲಾವಂಚ ಹುಲ್ಲು ನೆಟ್ಟು ಬೇರು ಇಳಿಸಿಕೊಳ್ಳಿ. ಹೆಂಚಿನ ನೀರು ಬರೆ ಬುಡಕ್ಕೆ ಬೀಳ್ತಿದ್ದರೆ ಮಾಡಿನ ಅಂಚಿಗೆ ದೋಣಿ ಹಾಕಿ ನೀರು ದೂರ ಬಿಡಿ. ಹೀಗೆ ನೀರು ನಿಂತು ನೆಂದ ಬರೆಗಳೇ ಮೊದಲು ಜಾರೋದು, ನಾನು ಕಂಡ ಮಟ್ಟಿಗೆ.

ಬಲಗಡೆಯದ್ದಕ್ಕೆ ಒಣಕೊಂಬೆ ತೆಗೆಸಿ, ಮನೆ ಕಡೆ ಭಾರ ಹೆಚ್ಚಿರುವ ಒಂದೆರಡು ಕೊಂಬೆ ಹಗುರ ಮಾಡಿಸಿ, ಸಾಕು. ಹಸಿರಿನಲ್ಲಿ ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೀಬಾರದು.

ಹಲಸಿನ ಕೊಂಬೆ ಬಗ್ಗೆ. ಇದನ್ನು ಮೂರು ಕೊಯ್ತದಲ್ಲಿ ತೆಗೀಬೇಕು, ಕೆಲಸದವರಿಗೆ ನೀವೇ ಹೇಳಿ. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಮೊದಲು ಕೆಳಗಿನಿಂದ, ಕೊಂಬೆ ದಪ್ಪದ ಕಾಲು ಭಾಗದಷ್ಟು. ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ, ಮೇಲಿನಿಂದ. ಆಗ ಕೊಂಬೆ ಚೊಕ್ಕವಾಗಿ ಮುರಿದು ಹಗ್ಗಕ್ಕೆ ಬರುತ್ತದೆ. ಮೊದಲ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಕೆಳತನಕ ಎಳೆದುಕೊಂಡು ಹೋಗುತ್ತದೆ. ಕೊನೆಗೆ ಉಳಿದ ಮೋಟು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೊರಳಪಟ್ಟಿಯಂಥ ಒಂದು ಉಬ್ಬು ಕಾಣುತ್ತದೆ, ಅದನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಿದರೆ ಗಾಯ ದೊಡ್ಡದಾಗುತ್ತದೆ. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆ ಒಳಗೆ ಇಳಿಯುತ್ತದೆ. ಮರದ ಗಾಯ ನಮ್ಮ ಗಾಯದ ಹಾಗೆ ವಾಸಿ ಆಗೋದಿಲ್ಲ ಅಕ್ಕ. ಕೆಟ್ಟದ್ದನ್ನು ಒಳಗೇ ಗೋಡೆ ಕಟ್ಟಿ ಮುಚ್ಚಿಬಿಡುತ್ತದೆ, ಆ ಉಬ್ಬಿನಿಂದಲೇ ಹೊಸ ತೊಗಟೆ ಸುತ್ತಿಕೊಂಡು ಬರೋದು.

ಪ್ರಶ್ನೆ (ಸೋಮವಾರಪೇಟೆಯಿಂದ):
ಕೊಯ್ದ ಜಾಗಕ್ಕೆ ಡಾಂಬರು ಬಳಿಯಬೇಕಲ್ವಾ ಸರ್?

ಉತ್ತರ:
ಬೇಡ. ಡಾಂಬರಿನ ಅಡಿಯಲ್ಲಿ ಪಸೆ ನಿಂತು ಕೊಳೆಗೇ ಅನುಕೂಲ. ಮನಸ್ಸು ತಡೆಯದಿದ್ದರೆ ಬೋರ್ಡೋ ಪೇಸ್ಟ್ ಹಚ್ಚಿ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್. ತಪ್ಪು ಜಾಗದಲ್ಲಿ ಕೊಯ್ದಿದ್ದರೆ ಅದೂ ಕಾಪಾಡೋದಿಲ್ಲ.

ಪ್ರಶ್ನೆ (ವಿರಾಜಪೇಟೆಯಿಂದ):
ನಮ್ಮ ಗೇಟಿನ ಹತ್ತಿರದ ಬಟರ್ ಫ್ರೂಟ್ ಮರ ಕರೆಂಟ್ ತಂತಿಗೆ ತಾಗ್ತದೆ. ಮೆಣಸು ಕೊಯ್ಯುವ ಏಣಿ ಇದೆ, ಭಾನುವಾರ ನಾನೇ ಸವರಿಬಿಡಲಾ?

ಉತ್ತರ:
ಅಣ್ಣ, ದಯವಿಟ್ಟು ಆ ಏಣಿ ಒಳಗಿಡಿ. ಮೆಣಸಿನ ಏಣಿ ಅಂದರೆ ಅಲ್ಯೂಮಿನಿಯಂ ತಾನೇ? ನಮ್ಮ ಜಿಲ್ಲೆಯಲ್ಲಿ ಏಣಿ ಎತ್ತುವಾಗ ತಂತಿಗೆ ತಾಗಿ ಹೋದವರ ಸುದ್ದಿ ಪೇಪರಿನಲ್ಲಿ ಓದದ ವರ್ಷವಿಲ್ಲ. ನನ್ನ ಜೊತೆ ಕೆಲಸ ಕಲಿತವನೊಬ್ಬ ಹಾಗೇ ಹೋದ. ಅವನು ಮರಕ್ಕೆ ಹತ್ತಿಯೇ ಇರಲಿಲ್ಲ, ಏಣಿ ಒಂದು ಮರದಿಂದ ಇನ್ನೊಂದಕ್ಕೆ ಬದಲಾಯಿಸ್ತಿದ್ದ. ಬಿದಿರಿನ ಏಣಿಯೂ ಒದ್ದೆ ಇದ್ದರೆ ಅಷ್ಟೇ ಅಪಾಯ. ಹನ್ನೊಂದು ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನಿಗೆ ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಎಳೆಯುತ್ತದೆ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಬರೆದುಕೊಡಿ, ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಕೆಲಸ. ಫೋನಿನಲ್ಲಿ "ಆಫ್ ಮಾಡಿದ್ದೇವೆ" ಅಂದದ್ದನ್ನು ನಂಬಿ ನಾನು ಹತ್ತೋದಿಲ್ಲ.

ಪ್ರಶ್ನೆ (ಗೋಣಿಕೊಪ್ಪದಿಂದ):
ಸ್ವಂತ ಜಾಗದ ಮರಕ್ಕೂ ಫಾರೆಸ್ಟ್‌ನವರ ಪರ್ಮಿಷನ್ ಬೇಕಾ?

ಉತ್ತರ:
1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯೋದು ಅಂದರೆ ಉರುಳಿಸೋದಷ್ಟೇ ಅಲ್ಲ, ಕೊಂಬೆ ಸವರೋದು, ಸುತ್ತ ತೊಗಟೆ ಕೆತ್ತೋದು, ಔಷಧಿ ಹಾಕಿ ಒಣಗಿಸೋದು ಎಲ್ಲ ಸೇರುತ್ತದೆ. ಸಿಲ್ವರ್ ಓಕ್, ತೆಂಗು, ನೀಲಗಿರಿ, ರಬ್ಬರ್‌ಗೆ ವಿನಾಯಿತಿ ಇದೆ. ಬೇರೆ ಮರವಾದರೆ, ಬೀಟೆಯಂಥದ್ದಕ್ಕಂತೂ, ರೇಂಜ್ ಆಫೀಸಿನಲ್ಲಿ ಕೇಳದೆ ಕತ್ತಿ ತಾಗಿಸಬೇಡಿ. ಸತ್ತ ಮರ, ರೋಗದ ಮರ, ಜೀವಕ್ಕೋ ಮನೆಗೋ ಅಪಾಯವಿರುವ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ, ಅರ್ಜಿ ಜೊತೆ ಫೋಟೋ ಇಡಿ. ಕೊಡಗಿನಲ್ಲಿ ಇನ್ನೊಂದು ತೊಡಕು: ಜಾಗ ರಿಡೀಮ್ ಆಗದ್ದಾದರೆ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗ) ಮರದ ಹಕ್ಕೇ ನಿಮ್ಮದಲ್ಲ, ಸರ್ಕಾರದ್ದು. ಪಹಣಿ ಮೊದಲು ನೋಡಿಕೊಳ್ಳಿ. "ಕೂಲಿ ಬೇಡ, ಮರ ನಾನೇ ಒಯ್ತೇನೆ" ಅಂತ ಬರುವ ವ್ಯಾಪಾರಿಗಳು ಇದನ್ನೆಲ್ಲ ಹೇಳೋದಿಲ್ಲ. ಅವರ ಕಣ್ಣು ಬೀಳೋದೂ ಗಟ್ಟಿ ಮರದ ಮೇಲೆಯೇ, ಪೊಳ್ಳು ಮರ ನಿಮಗೇ ಉಳಿಯುತ್ತದೆ.

ಪ್ರಶ್ನೆ (ಮಾದಾಪುರದ ಸದಸ್ಯೆ):
ಎಡಗಡೆಯದ್ದು ತೆಗೆಸ್ತೇವೆ ಅಣ್ಣ, ಮಾವ ಒಪ್ಪಿದರು. ಆದರೆ ಹಲಸನ್ನೂ ಪೂರ್ತಿ ತೆಗೆಸಿಬಿಡುವ ಅಂತಾರೆ ಮನೆಯವರು. ಹಣ್ಣಾದಾಗ ಆನೆ ಬರ್ತದೆ ಅಂತ ಭಯ.

ಉತ್ತರ:
ಅದಕ್ಕೆ ಮರ ಕಡಿಯೋದು ಯಾಕೆ ಅಕ್ಕ? ಆನೆಯನ್ನು ಕರೆಯೋದು ಹಣ್ಣಿನ ವಾಸನೆ. ಹಲಸು ಕಾಂಡದಲ್ಲೇ, ದಪ್ಪ ಕೊಂಬೆಯಲ್ಲೇ ಕಾಯಿ ಬಿಡೋದರಿಂದ ಕಡಿಮೆ ಎತ್ತರದವು ಕೈಗೇ ಸಿಗುತ್ತವೆ. ಗುಜ್ಜೆ (ಎಳೆ ಹಲಸು) ಇರುವಾಗಲೇ ಎಲ್ಲ ಇಳಿಸಿ, ಅರ್ಧ ಪಲ್ಯಕ್ಕೆ, ಅರ್ಧ ಅಕ್ಕಪಕ್ಕದವರಿಗೆ. ಮೇಲಿನವನ್ನು ನಾನು ಬಂದ ದಿನ ಇಳಿಸಿಕೊಡ್ತೇನೆ. ಒಂದು ಬಾಟಲಿ ತೆಂಗಿನೆಣ್ಣೆ ತೆಗೆದಿಡಿ, ಗರಗಸಕ್ಕೆ ಹಿಡಿದ ಹಲಸಿನ ಮೇಣ ಬರೀ ನೀರಿಗೆ ಬಿಡೋದಿಲ್ಲ. ಮತ್ತೆ ನಾಳೆ ಬೆಳಿಗ್ಗೆ ಬಲಗಡೆಯ ಮರದ ತುದಿಯಲ್ಲಿ ಹೆಜ್ಜೇನು ಕಟ್ಟಿದೆಯಾ ನೋಡಿ ಹೇಳಿ. ಕಟ್ಟಿದ್ದರೆ ಅದು ಎದ್ದು ಹೋಗೋವರೆಗೆ ಆ ಮರಕ್ಕೆ ನಾನು ಹತ್ತೋದಿಲ್ಲ, ಎಡಗಡೆಯದ್ದನ್ನು ಕೊಯ್ಯಲಿಕ್ಕೂ ಮಿಷನ್ ಸದ್ದು ಮಾಡುವ ಹಾಗಿಲ್ಲ, ಕೈಗರಗಸವೇ ತರಬೇಕಾಗುತ್ತದೆ.